ಒಬ್ಬರಿಗೆ ಕೇಳಿಸಲೆಂದು ಕಮಲಾಪುರಕ್ಕೆ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಕಲಬುರಗಿಯಿಂದ ಹುಮನಾಬಾದಿನ ಬಸ್ಸು ಹೊರಟಿತು. ಮೇಲೆ ನಮ್ಮ ಆಂಪ್ಲಿಫೈಯರು. ಒಳಗೆ ನಾನು, ಸಲೀಂ, ಎರಡು ಗಿಟಾರು, ಗೋಣಿಚೀಲದಲ್ಲಿ ಸುತ್ತಿದ ಒಂದು ಡ್ರಮ್ಮು. ತೊಂಬತ್ತರ ದಶಕದ ಕೊನೆಯ ಮಾತು. ಚಳಿಗಾಲವಾದರೂ ಬಿಸಿಲು ಆಗಲೇ ಚುರುಕಾಗಿತ್ತು. ಕಮಲಾಪುರಕ್ಕೆ ಒಂದು ತಾಸಿನ ದಾರಿ, ತಲೆಗೆ ಹನ್ನೊಂದು ರೂಪಾಯಿ. ಆಂಪ್ಲಿಫೈಯರಿಗೂ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ.

"ಅಲ್ಲೇನ್ ಪ್ರೋಗ್ರಾಂ ಅದರೀ?" ಎಂದು ಕೇಳಿದ.

"ಪ್ರೋಗ್ರಾಂ ಇಲ್ರೀ. ಒಬ್ರಿಗೆ ಕೇಳ್ಸೋದದ," ಎಂದೆ.

"ಒಬ್ರಿಗ ಇಷ್ಟೆಲ್ಲ ಸಾಮಾನಾ!" ಎಂದು ನಗುತ್ತ ಮುಂದೆ ಹೋದ.

ಆ ಒಬ್ಬರು ಚನ್ನಪ್ಪ, ನಮ್ಮ ಡ್ರಮ್ಮರ್ ಶಿವುವಿನ ತಂದೆ. ನಾವು ಮೂವರು ಹಾರ್ಡ್ ರಾಕ್ ಬ್ಯಾಂಡು ಕಟ್ಟಿ ಆಗ ಒಂದೂವರೆ ವರ್ಷವಾಗಿತ್ತು. ಕಲಬುರಗಿಯ ಧಾನ್ಯಪೇಟೆ ನೆಹರು ಗಂಜಿನಲ್ಲಿ ಸಲೀಂನ ಮಾವನ ಗೋದಾಮು ನಮ್ಮ ತಾಲೀಮಿನ ಜಾಗ. ತೊಗರಿ ಮೂಟೆಗಳು ಸೂರಿನವರೆಗೆ ಪೇರಿಸಿದ್ದಾಗ ಸದ್ದು ಹೊರಗೆ ಹೋಗುತ್ತಿರಲಿಲ್ಲ. ಮಾಲು ಖಾಲಿಯಾಯಿತೋ, ಗೋಡೆಗಳೇ ನಮ್ಮ ಮೇಲೆ ಕೂಗಾಡುತ್ತಿದ್ದವು. ಓಣಿಯ ಹಮಾಲರು "ಏನ್ ಕಡದಾಟ ನಡಿಸೀರೋ" ಎಂದು ಚೇಷ್ಟೆ ಮಾಡುತ್ತಿದ್ದರು. ನಮ್ಮ ಮನೆಯಲ್ಲಂತೂ ಮರಾಠಿ ಅಭಂಗ, ದಾಸರ ಪದ ಬಿಟ್ಟರೆ ಉಳಿದದ್ದೆಲ್ಲ ಗದ್ದಲವೇ. ಮೂವರ ಮನೆಯವರಲ್ಲಿ ನಮ್ಮ ಸಂಗೀತ ಕೇಳಬೇಕೆಂದವರು ಚನ್ನಪ್ಪ ಒಬ್ಬರೇ.

ತಂದೆಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದ ಶಿವು ಕಾರ್ಡು ಬರೆದಿದ್ದ: "ಅಪ್ಪಗ ಎದ್ದು ಕೂಡ್ಲಿಕ್ಕೂ ಆಗವಲ್ದು. ನೀ ಏನ್ ಬಾರಸ್ತಿ ಒಮ್ಮೆ ಕೇಳಸು ಅಂತ ಗಂಟುಬಿದ್ದಾನ. ಎಲ್ಲಾ ತಗೊಂಡು ಶನಿವಾರ ಬರ್ರಿ."

ಶನಿವಾರ ನಾವು ಹೋಗಲಿಲ್ಲ. ಆಂಪ್ಲಿಫೈಯರು ಖರ್ರ್ ಎನ್ನುತ್ತಿತ್ತು, ರಿಪೇರಿಗೆ ಕೊಟ್ಟಿದ್ದೆ. "ಅರೆ, ಹಂಗೇ ಹೋಗೋಣ ನಡಿಯೋ," ಎಂದು ಸಲೀಂ ಎರಡು ಸಲ ಹೇಳಿದ. "ಮೊದಲ್ನೇ ಸಲ ಕೇಳ್ತಾರ, ಛಲೋ ಕೇಳಸ್ಬೇಕು," ಎಂದು ಹಠ ಹಿಡಿದವನು ನಾನು.

ದಾರಿಯುದ್ದಕ್ಕೂ ಕಪ್ಪು ಹೊಲ, ಕೊಯ್ಲಿಗೆ ಬಂದ ತೊಗರಿ. ಕಮಲಾಪುರ ಹತ್ತಿರವಾದಂತೆ ಅಲ್ಲಲ್ಲಿ ಕೆಂಪು ಬಾಳೆಯ ತೋಟ. ನಿಲ್ದಾಣದಲ್ಲಿ ಚಹಾ ಕುಡಿದು, ಗಿಟಾರು, ಡ್ರಮ್ಮು ಹೆಗಲಿಗೇರಿಸಿ, ಆಂಪ್ಲಿಫೈಯರನ್ನು ಇಬ್ಬರೂ ಹಿಡಿದುಕೊಂಡು ಶಿವುವಿನ ಮನೆಯ ಓಣಿಗೆ ತಿರುಗಿದೆವು. ಬಾಗಿಲ ಮುಂದೆ ಜನ ಸೇರಿದ್ದರು. ಗಂಡಸರೆಲ್ಲ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. ಕೇಳುವುದೇನೂ ಉಳಿಯಲಿಲ್ಲ. ಚನ್ನಪ್ಪ ಆ ದಿನ ನಸುಕಿನಲ್ಲಿ ತೀರಿಕೊಂಡಿದ್ದರು.

ನಾವು ಹಿಂದೆ ಸರಿಯುವಷ್ಟರಲ್ಲಿ ಹಿರಿಯರೊಬ್ಬರು ಎದ್ದು ನಿಂತರು. "ಕಲಬುರಗಿ ಭಜನಿ ಮಂದಿ ಬಂದ್ರು. ಸರೀರಿ, ದಾರಿ ಬಿಡ್ರಿ!" ಎಂದರು.

ಅವರಂಥ ಲಿಂಗಾಯತ ಮನೆತನಗಳಲ್ಲಿ ಸತ್ತವರನ್ನು ಕೂಡಿಸುತ್ತಾರೆ. ಮಣ್ಣಿಗೆ ಒಯ್ಯುವ ತನಕ ಎದುರಿಗೆ ಭಜನೆ ನಡೆಯುತ್ತಲೇ ಇರಬೇಕು. ಕಲಬುರಗಿಯ ಭಜನಾ ಮೇಳಕ್ಕೆ ಹೇಳಿ ಕಳಿಸಿದ್ದರಂತೆ. ವಾದ್ಯ ಹೊತ್ತು ಸಾವಿನ ಮನೆಗೆ ಬಂದವರು ಬೇರೆ ಯಾರಿದ್ದಾರು? ನಾನು ಬಾಯಿ ತೆರೆಯುವ ಮೊದಲೇ ಯಾರೋ ನಮ್ಮಿಂದ ಡ್ರಮ್ಮು, ಆಂಪ್ಲಿಫೈಯರು ಇಸಿದುಕೊಂಡು ಒಳಗಿಟ್ಟರು. ನಮ್ಮನ್ನು ದೇಹದ ಎದುರಿಗೇ ಕೂಡಿಸಿದರು.

ಚನ್ನಪ್ಪ ಗೋಡೆಗೆ ಒರಗಿ ಕುಳಿತಿದ್ದರು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವು. ಅವರ ಬಲಕ್ಕೆ ಶಿವು. ಅವನ ಕಣ್ಣು ಒಣಗಿದ್ದವು. ನಮ್ಮನ್ನು ನೋಡಿದ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಶುರು ಮಾಡ್ರೆಪ್ಪಾ," ಎಂದರು ಹಿರಿಯರು.

"ಪಾಂಡು, ಕರೆಂಟಿಲ್ಲ," ಎಂದು ಸಲೀಂ ಪಿಸುಗುಟ್ಟಿದ. ಬೆಳಗಿನಿಂದಲೇ ಇರಲಿಲ್ಲವಂತೆ, ಸಂಜೆಯ ತನಕ ಬರುವುದೂ ಇಲ್ಲವಂತೆ. ಒಂದು ದಿನ ಕಾದು ರಿಪೇರಿ ಮಾಡಿಸಿ ತಂದ ಆಂಪ್ಲಿಫೈಯರು ಮೂಲೆಯಲ್ಲಿ ಒರಳುಕಲ್ಲಿನ ಹಾಗೆ ಕುಳಿತಿತ್ತು. ನಾನು ತಂತಿ ಮೀಟಿದೆ. ಸೊಳ್ಳೆ ಹಾಡಿದಷ್ಟು ಸದ್ದು ಬಂತು.

ಆಗ ಶಿವು ಗೋಣಿಚೀಲ ಬಿಚ್ಚಿ ಡ್ರಮ್ಮನ್ನು ತನ್ನ ಮುಂದೆ ಎಳೆದುಕೊಂಡ. ಮೊದಲು ಮೆಲ್ಲಗೆ ಬಾರಿಸಿದ. ಅದು ಭಜನೆಯ ತಾಳವಲ್ಲ; ಗೋದಾಮಿನಲ್ಲಿ ನಾವೇ ಕಟ್ಟಿದ ಮೊದಲ ಹಾಡಿನದು. ಜನ ಮುಖಮುಖ ನೋಡಿಕೊಂಡರು. ಹಿರಿಯರು ಕೈಯೆತ್ತಿ ತಡೆಯಲು ಹೋದರು.

ಮೂಲೆಯಲ್ಲಿ ಅಳುತ್ತಿದ್ದ ಶಿವುವಿನ ತಾಯಿ ತಲೆಯೆತ್ತಿದರು. "ಬಾರಸ್ಲಿ ಬಿಡ್ರಿ ಯಣ್ಣಾ, ಅವ್ರೇ ಕೇಳಿದ್ದು," ಎಂದರು. ಆಮೇಲೆ ಮಗನಿಗೆ, "ಆ ಕಡಿ ಯಾಕ ಕುಂತೀಯೋ? ತೋಟದಾಗ ನೀರಿನ ಇಂಜಿನ್ ಬಾಜೂಕ ಕುಂತು ಕುಂತು ನಿಮ್ಮಪ್ಪನ ಬಲಗಿವಿ ಹೋಗಿತ್ತಲ್ಲೋ. ಈ ಕಡಿ ಬಾ. ಜೋರ ಬಾರ್ಸು," ಎಂದರು.

ಶಿವು ಎದ್ದ. ಡ್ರಮ್ಮನ್ನು ಎತ್ತಿಕೊಂಡು ತಂದೆಯ ಎಡಗಡೆಗೆ ಹೋಗಿ ಕುಳಿತ. ತೋಳಿನಲ್ಲಿದ್ದಷ್ಟೂ ಶಕ್ತಿ ಹಾಕಿ ಬಾರಿಸಿದ. ಹಾಡಿನ ನಡುವೆ ಅವನಿಗೆ ಅಳು ಬಂತು, ಕೈ ಮಾತ್ರ ನಿಲ್ಲಲಿಲ್ಲ. ನಾನೂ ಸಲೀಂನೂ ಕೇಳಿಸದ ಗಿಟಾರುಗಳನ್ನೇ ಕೊನೆಯವರೆಗೆ ನುಡಿಸಿದೆವು. ಅಷ್ಟರಲ್ಲಿ ಹಾರ್ಮೋನಿಯಂ ಹೊತ್ತ ನಿಜವಾದ ಮೇಳದವರು ಬಂದು ಬಾಗಿಲಲ್ಲೇ ನಿಂತಿದ್ದರು. ಹಾಡು ಮುಗಿದ ಮೇಲೆಯೇ ಒಳಗೆ ಬಂದರು.

ಮಧ್ಯಾಹ್ನ ಚನ್ನಪ್ಪನವರನ್ನು ಅವರ ಬಾಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿದರು. ನಾವೂ ಒಂದೊಂದು ಹಿಡಿ ಹಾಕಿದೆವು. ಹೊರಡುವಾಗ ಶಿವು ನನ್ನ ಕೈ ಹಿಡಿದ. "ನಿನ್ನಿ ಸಂಜಿತನಾ ಅಪ್ಪ ಬಾಗಲಾನೇ ನೋಡ್ಲತ್ತಿದ್ದ, ಪಾಂಡು," ಎಂದ. ಅಷ್ಟೇ ಹೇಳಿ ತಾಯಿಯ ಹತ್ತಿರ ಹೋದ.

ಆ ಬ್ಯಾಂಡು ಆಮೇಲೆ ಎರಡು ವರ್ಷ ನಡೆಯಿತು. ಶಿವು ತಿಂಗಳು ಕಳೆದು ಗೋದಾಮಿಗೆ ಮರಳಿದ, ಆ ಶನಿವಾರದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಇವತ್ತಿಗೂ ಅದು ಉಳಿದಿದೆ.

ಆ ಭಾನುವಾರ ವಾಪಸು ಹೊರಟ ನಾಲ್ಕೂವರೆಯ ಬಸ್ಸಿನಲ್ಲಿ ಬೆಳಗಿನ ಕಂಡಕ್ಟರೇ ಇದ್ದ. ಆಂಪ್ಲಿಫೈಯರು ಮೇಲೇರಿಸಲು ತಾನೇ ಕೈ ಹಚ್ಚಿದ. ಬಾಳೆ ತೋಟ ಹಿಂದೆ ಸರಿಯುವ ತನಕ ಸಲೀಂ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಕೇಳಿದ್ರೇನ್ರಿ ಅವ್ರು?" ಎಂದ ಕಂಡಕ್ಟರ್, ಟಿಕೆಟ್ ಹರಿಯುತ್ತ.

"ನಾ ಒಂದಿನ ತಡಾ ಮಾಡ್ದೆರೀ," ಎಂದೆ.

ಅವನು ಲಗೇಜ್ ಟಿಕೆಟ್ ಹರಿಯದೆ ಮುಂದಿನ ಸೀಟಿಗೆ ಹೋದ.