ಮಸ್ಕಿ ಸಾಲೆಯ ಕಿಟಕಿ

ನಿಜಾಮರ ಕಾಲದಲ್ಲಿ, ಮಸ್ಕಿಯ ಸಾಲೆಯಲ್ಲಿ, ನಮ್ಮ ಮಾಸ್ತರರು ಪ್ರತಿ ಪಾಠವನ್ನೂ ಎರಡು ಸಲ ಹೇಳುತ್ತಿದ್ದರು. ಮೊದಲು ಬೀದಿ ಬದಿಯ ಕಿಟಕಿ ಮುಚ್ಚಿ ಕನ್ನಡದಲ್ಲಿ, ಆಮೇಲೆ ಅದನ್ನು ತೆರೆದು, ಸರ್ಕಾರದ ಹುಕುಮಿನಂತೆ, ಉರ್ದುವಿನಲ್ಲಿ. ಕನ್ನಡ ಮುಗಿದೊಡನೆ ಕೋಟಿನ ಮೇಲಿನ ಗುಂಡಿ ತಿರುವುತ್ತ, "ತಿಳೀತೇನು? ತಿಳದ್ರ ಸಾಕು," ಎನ್ನುವರು. ಆ ಗುಂಡಿ ಯಾವಾಗಲೂ ದಾರದಲ್ಲಿ ಜೋತಾಡುತ್ತಿತ್ತು.

ವರ್ಷಗಟ್ಟಲೆ ಕಿರಿಯ ಮಾಸ್ತರರಾಗಿಯೇ ಉಳಿದಿದ್ದ ಅವರಿಗೆ ಕೊನೆಗೊಮ್ಮೆ ಲಿಂಗಸುಗೂರಿನ ಹೆಡ್‌ಮಾಸ್ತರಿಕೆ ಸಿಗುವ ಸಂಭವವಿತ್ತು. ಎಲ್ಲವೂ ಇನ್‌ಸ್ಪೆಕ್ಟರ್ ಸಾಹೇಬರ ಒಂದು ಮಾತಿನ ಮೇಲಿತ್ತು. ಜಾಣೆಯೆಂದು ಮಾಸ್ತರರು ನನ್ನನ್ನೇ ಮುಂದೆ ಕೂರಿಸಿದ್ದರು. ತಪಾಸಣೆಗೆ ಬಂದ ಸಾಹೇಬರು, ಮಳೆ ಹೇಗೆ ಬರುತ್ತದೆಂದು ನನ್ನನ್ನು ಉರ್ದುವಿನಲ್ಲಿ ಕೇಳಿದರು. ಆ ಜಾಣೆ ಗಾಬರಿಯಲ್ಲಿ ಕಡಲು, ಬಿಸಿಲು, ಮೋಡ ಎಲ್ಲವನ್ನೂ ಕನ್ನಡದಲ್ಲೇ ಹೇಳತೊಡಗಿದಳು. ಮಾಸ್ತರರ ಗುಂಡಿ ಕಿತ್ತು ಕೈಗೆ ಬಂತು. ನಾನು ಬಾಯಿ ಮುಚ್ಚಿದೆ.

ಸಾಹೇಬರು ಎದ್ದು, ತಾವೇ ಹೋಗಿ ಕಿಟಕಿ ಮುಚ್ಚಿ ಬಂದರು.

"ಮುಂದ ಹೇಳವ್ವಾ," ಎಂದರು.

ಹೇಳಿ ಮುಗಿಸಿದೆ. ಅವರು ಮಾಸ್ತರರತ್ತ ತಿರುಗಿ ಮೆಲ್ಲಗೆ ನಕ್ಕರು.

"ಲಿಂಗಸುಗೂರ ಸಾಲಿಗೂ ಕಿಡಕಿ ಅದಾವ್ರೀ, ಮಾಸ್ತರ್ರ."