ಭಾವ ತೂಗಿ ಆರಿಸಿದ ಲ್ಯಾಪ್‌ಟಾಪು

ಇಮೇಲ್ ಗುಂಪಿನ ಗೆಳೆಯರೇ, ಲ್ಯಾಪ್‌ಟಾಪು ಆರಿಸೋರು ಯಾರಾದ್ರೂ ಇದ್ರೆ ಇದನ್ನ ಓದಿ.

ನಮ್ಮ ಅಕ್ಕ, ಭಾವ ರಜೆಗೆ ಅಂತ ಧರ್ಮಸ್ಥಳಕ್ಕೆ ಹೊರಟ್ರು. ದೇವರ ಹತ್ರ ಹೋದ್ರೂ ಭಾವನಿಗೆ ಲ್ಯಾಪ್‌ಟಾಪು ಜೊತೇಲಿರಬೇಕಂತೆ. ಆಫೀಸಿಂದ ತಂದಿದ್ದ ಎರಡನ್ನೂ ನಮ್ಮನೆ ಕೊಬ್ಬರಿ ತಕ್ಕಡೀಲಿ ತೂಗಿ, ಫ್ಲಾಪಿ ಹಾಕೋ ದಪ್ಪದ್ದನ್ನ ಬಿಟ್ಟು ತೆಳ್ಳಗಿರೋದನ್ನ ಆರಿಸ್ಕೊಂಡ್ರು. "ಪ್ರಯಾಣಕ್ಕೆ ಹಗುರ ಇರಬೇಕು" ಅಂತ ನಮಗೆಲ್ಲ ಪಾಠ ಬೇರೆ.

ಇವತ್ತು ಬೆಳಿಗ್ಗೆ ನಾಗಮಂಗಲದ ಸ್ಟ್ಯಾಂಡಿಗೆ ಬಂದ ಬಸ್ಸು ಇನ್ನೂ ನಿಂತಿರ್ಲಿಲ್ಲ, ಜನ ಕಿಟಕಿಯೊಳಕ್ಕೆ ಟವೆಲ್ಲು ಎಸೆದು ಸೀಟು ಹಿಡೀತಿದ್ರು. ಭಾವ ಸೂಟ್‌ಕೇಸು ಎತ್ತೋಷ್ಟರಲ್ಲಿ ನಮ್ಮಪ್ಪ ಅವರ ಲ್ಯಾಪ್‌ಟಾಪ್ ಬ್ಯಾಗನ್ನ ಬೀಸಿ ಒಳಕ್ಕೆ ಎಸೆದೇಬಿಟ್ರು.

"ಮಾವ, ಅದು ಲ್ಯಾಪ್‌ಟಾಪು" ಅಂದ್ರು ಭಾವ.

"ಗೊತ್ತು ಅಳಿಯಂದ್ರೆ. ಅಗುರಾಗಿ ಅದೆ ಅಂತ ನೀವೇ ಏಳಿದ್ರಲ್ಲ. ದಪ್ಪದ್ದಾಗಿದ್ರೆ ಕಿಟಕೀಲಿ ತೂರ್ತಿರ್ನಿಲ್ಲ."

ಸೀಟು ಸಿಕ್ತು, ಅದೂ ಕಿಟಕಿ ಪಕ್ಕದ್ದೇ. ಭಾವ ಅಲ್ಲಿ ಕೂತು ಸ್ವಿಚ್ಚು ಒತ್ತುತ್ತಾನೇ ಇದ್ರು, ಪರದೆ ಕಪ್ಪಗೇ ಇತ್ತು. ಹಿಂದಿನ ಸೀಟಿಗೆ ಟವೆಲ್ಲು ಎಸೆದಿದ್ದೋರು ಅದನ್ನ ಒದರಿ ಮುಖ ಒರೆಸ್ಕೊಂಡ್ರು. ಅದು ಇನ್ನೂ ಕೆಲಸ ಮಾಡ್ತಿತ್ತು.