ದಾಯಾದಿ ಓದಲಿ

ನಿಂಗರಾಜು ಹೊಣಕೆರೆ ಕಡೆಯವನು. ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ, ಕೋಳಿ ಅಂಗಡಿಗೂ ಕ್ಷೌರದ ಅಂಗಡಿಗೂ ನಡುವಿನ ಸಂದಿಯಲ್ಲಿ ಅವನ ಕಂಪ್ಯೂಟರ್ ಅಂಗಡಿ. ಪಹಣಿ ತೆಗೆದುಕೊಡುವುದು, ಪಿಂಚಣಿಗೆ ಅರ್ಜಿ ತುಂಬುವುದು, ಮಕ್ಕಳ ಫಲಿತಾಂಶ ನೋಡಿ ಹೇಳುವುದು ಕಸುಬು. ಗಿಡ್ಡ ಆಳು, ದಪ್ಪ ಮೀಸೆ, ಬಾಯಿ ಕೆಟ್ಟದ್ದು. ನಮ್ಮ ರೈತ ಸಂಘದ ಮನವಿಗಳನ್ನೆಲ್ಲ ಅವನೇ ಟೈಪು ಮಾಡಿಕೊಡುತ್ತಿದ್ದ. ನಾವು ಅಧಿಕಾರಿಗಳನ್ನು ಬೈದು ಬರೆಸಿದರೆ ತನ್ನದೂ ಒಂದು ಬೈಗುಳ ಸೇರಿಸುತ್ತಿದ್ದ. ಅದು ನಮಗೆ ಗೊತ್ತಾಗುತ್ತಿದ್ದುದು ಉತ್ತರ ಬಂದ ಮೇಲೆಯೇ.

ಅವನಿಗೆ ಹೇಸಿಗೆ ಹುಟ್ಟಿಸುತ್ತಿದ್ದುದು ಇಂಟರ್ನೆಟ್ಟಿನ ಪುಟಗಳು. ಬ್ರೌಸರಿನಲ್ಲಿ ಒಂದು ಪುಟ ತೆರೆದರೆ ಎಮ್ಮೆಯ ಕೆಚ್ಚಲಿಗೆ ಉಣ್ಣೆ ಕಚ್ಚಿದ ಹಾಗೆ ಜಾಹೀರಾತು. ರಾಗಿ ಬೆಲೆ ನೋಡಲು ಹೋದವನಿಗೆ ಮಂಡಿನೋವಿನ ಎಣ್ಣೆ. ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟು, ಒತ್ತಿದರೆ ಅದರಿಂದ ಇನ್ನೊಂದು ಪುಟ. ಒಂದು ಕಡೆಯಂತೂ ಪ್ರಿಂಟ್ ಗುಂಡಿಯ ಮೇಲೆಯೇ ಯಾರದೋ ಹುಟ್ಟುಹಬ್ಬದ ಶುಭಾಶಯದ ಡಬ್ಬಿ ಬಂದು ಕೂತಿತ್ತು. ಹಳ್ಳಿಯಿಂದ ಬಂದ ಹೆಂಗಸರು ಅರ್ಧ ದಿನ ಕಾದು, ಬಸ್ಸು ತಪ್ಪಿಸಿಕೊಂಡು, ನಾಳೆ ಬರುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ನಿಂಗರಾಜು ರೇಗಿ, ಆ ಡಬ್ಬಿಯನ್ನು ಕಿತ್ತೆಸೆಯುವ ನಾಲ್ಕು ಸಾಲು ಬರೆದ. ಪುಟದ ಮಾಲೀಕನ ಕಡೆ ಏನೂ ಕೆಡುವುದಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಆ ಪುಟ ತೆರೆದಾಗ ಮಾತ್ರ ಆ ಸಾಲುಗಳು ಓಡಿ, ಅದನ್ನು ನಮಗೆ ಬೇಕಾದ ಹಾಗೆ ತಿದ್ದಿಕೊಡುತ್ತವೆ. ಬಲ್ಲವರು ಇದನ್ನು ಯೂಸರ್ ಸ್ಕ್ರಿಪ್ಟು ಅನ್ನುತ್ತಾರೆ. ನಿಂಗರಾಜು ತೇಪೆ ಅಂದ. ಹರಿದ ಚಡ್ಡಿಗೆ ಅವ್ವ ಹಾಕುತ್ತಿದ್ದಳಲ್ಲ, ಅದೇ.

ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದ ಅಂಗಡಿಯವರು ನಮಗೂ ಕೊಡು ಅಂದರು. ವಾಟ್ಸಾಪಿನಲ್ಲಿ ಕಳಿಸಿದ. ವಾಟ್ಸಾಪು ಸಾಲಿನ ನಡುವಿನ ನಕ್ಷತ್ರದ ಗುರುತುಗಳನ್ನು ನುಂಗಿ ಅಕ್ಷರಗಳನ್ನು ದಪ್ಪ ಮಾಡಿ ಕೊಟ್ಟಿತು, ಯಾರ ಕಡೆಯೂ ಓಡಲಿಲ್ಲ. ದಿನವಿಡೀ ಫೋನು. ಆ ಕಾಟಕ್ಕೆ ತೇಪೆಗಳನ್ನೆಲ್ಲ ಒಂದು ಕಡೆ ಇಡುವ ಜಾಲತಾಣವನ್ನೇ ಕಟ್ಟಿದ. ತಾಣದ ಹೆಸರೂ ತೇಪೆ. ಮೊದಲು ಅದು ಸಂತೆಯಲ್ಲಿ ಗೋಣಿಚೀಲ ಹಾಸಿದ ಹಾಗಿತ್ತು, ಬೇಕಾದವರು ಎತ್ತಿಕೊಂಡು ಹೋಗಿ ಅಂತ. ಆಮೇಲೆ ಒಂದೊಂದು ತೇಪೆಗೆ ಒಂದೊಂದು ಪುಟ ಮಾಡಿದ. ಇದು ಏನು ಮಾಡುತ್ತದೆ, ಯಾವ ಯಾವ ಪುಟಗಳಲ್ಲಿ ಓಡುತ್ತದೆ ಎಂದು ಕನ್ನಡದಲ್ಲಿ ಬರೆದ. ಒಂದು ತೇಪೆ ತಿದ್ದಿದರೆ ಹೊಸದು ಎಲ್ಲರ ಕಂಪ್ಯೂಟರಿಗೂ ತಾನೇ ಹೋಗುವ ಹಾಗೆ ಮಾಡಿದ. ಕೆಳಗೆ ಬೈಯಲು ಜಾಗ ಬಿಟ್ಟ. ಆ ಜಾಗ ಬೇಗ ತುಂಬಿತು.

ಬೇರೆಯವರೂ ತಮ್ಮ ತೇಪೆ ತಂದು ಹಾಕತೊಡಗಿದಾಗ ಅವನೊಂದು ಕಾನೂನು ಮಾಡಿದ. ನಾಟಿಗೆ ಮುಯ್ಯಾಳು ಹೋಗುವ ಹಾಗೆ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ನಿನ್ನ ತೇಪೆ ಹಾಕಬೇಕಾದರೆ ಇನ್ನೊಬ್ಬನದನ್ನು ಓದಿ, ಇದರಲ್ಲಿ ಕೆಟ್ಟದ್ದಿಲ್ಲ ಎಂದು ಹೆಸರು ಹಾಕು. ಕೇಳಲು ಚೆಂದ. ನಾನೂ ಭಲೇ ಅಂದೆ. ನೋಡನೋಡುತ್ತಾ ಅದು ಮುಯ್ಯಾಳಾಗಿ ಉಳಿಯಲಿಲ್ಲ, ಮದುವೆ ಮನೆಯ ಮುಯ್ಯಿಯಾಯಿತು. ಅವನು ಹಾಕಿದ್ದಕ್ಕೆ ನೀನು ಹಾಕು, ಕವರು ಬಿಚ್ಚಿ ನೋಡಬೇಡ. ನಮ್ಮವನು ಬರೆದದ್ದನ್ನು ಓದುವುದೇನು, ಓದಿದರೆ ಅವನೇನು ಅಂದುಕೊಂಡಾನು.

ಈ ಸಂತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದ ತೇಪೆಯ ಹೆಸರು ‘ಕಟ್ಟೆ ನೀರು’. ನಮ್ಮ ಕಡೆ ಬೆಳಿಗ್ಗೆ ಎದ್ದವನು ದೇವರ ಮುಖ ನೋಡದಿದ್ದರೂ ಕನ್ನಂಬಾಡಿ ಕಟ್ಟೆಯ ಮಟ್ಟ ನೋಡುತ್ತಾನೆ. ಮಟ್ಟ ತೋರಿಸುವ ಪುಟದ ಕಸವನ್ನೆಲ್ಲ ಗುಡಿಸಿ, ಎಷ್ಟಡಿ ಇದೆ, ಎಷ್ಟು ಬರುತ್ತಿದೆ, ಎಷ್ಟು ಬಿಡುತ್ತಿದ್ದಾರೆ ಎಂದು ದಪ್ಪ ಅಕ್ಷರದಲ್ಲಿ ತೋರಿಸುತ್ತಿತ್ತು ಆ ತೇಪೆ. ಬರೆದವನು ಶಂಕರ್, ನಿಂಗರಾಜುವಿನ ಹೆಂಡತಿ ರಮ್ಯಳ ತಮ್ಮ, ಶ್ರೀರಂಗಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಭಾಮೈದನ ಮೇಲೆ ನಿಂಗರಾಜುವಿಗೆ ಎಷ್ಟು ಹೆಮ್ಮೆಯೆಂದರೆ, ತಾಣದ ನೆತ್ತಿಯ ಮೇಲೆಯೇ ಅವನ ತೇಪೆ ಕೂರಿಸಿದ್ದ.

ಇನ್ನೊಬ್ಬನಿದ್ದ, ಚಿಕ್ಕಸ್ವಾಮಿ. ನಿಂಗರಾಜುವಿನ ದೊಡ್ಡಪ್ಪನ ಮಗ, ಅಂದರೆ ದಾಯಾದಿ. ಕೆ.ಆರ್. ಪೇಟೆಯಲ್ಲಿ ಅಂಗಡಿಯವರಿಗೆ ತೆರಿಗೆ ಲೆಕ್ಕ ಬರೆದುಕೊಡುತ್ತಾನೆ. ಹೊಣಕೆರೆಯ ಜಮೀನಿನಲ್ಲಿ ಇಬ್ಬರ ಬದುವಿನ ಮೇಲೊಂದು ತೆಂಗಿನ ಮರವಿದೆ, ಆ ಮರಕ್ಕೊಂದು ಕೇಸಿದೆ, ಮಾತಿಲ್ಲ ಕತೆಯಿಲ್ಲ. ಆದರೆ ತೇಪೆ ತಾಣಕ್ಕೆ ಮಾತ್ರ ತಪ್ಪದೆ ಬಂದು, ಬೈಯುವ ಜಾಗದಲ್ಲಿ ಏನಾದರೊಂದು ಕೊಂಕು ಬರೆದು ಹೋಗುತ್ತಿದ್ದ. ಒಂದು ದಿನ ‘ಕಟ್ಟೆ ನೀರು’ ಕೆಳಗೆ ಬರೆದ:

“ಕಟ್ಟೆ ನೀರು ನೋಡೋ ತೇಪೆಗೆ ಪಹಣಿ ಪುಟದಲ್ಲಿ ಏನು ಕೆಲಸ?”

ನಾನು ಅಂಗಡಿಯಲ್ಲೇ ಕೂತಿದ್ದೆ. ನಿಂಗರಾಜು ಅದನ್ನು ನನಗೆ ಓದಿ ಹೇಳಿ ನಕ್ಕ. “ನನ್ ಭಾಮೈದ ಅಂತ ಒಟ್ಟೆ ಉರ್ಕತಾವ್ನೆ ಕಣಣ್ಣ. ಬದ ಅಳೆಯೋನು ಈಗ ಕೋಡ್ ಅಳೀತಾವ್ನೆ” ಅಂದ. ಅಳಿಸಿ ಹಾಕಿದ.

ಅದಾದ ಮೇಲೆ ಮಾರಮ್ಮ ಬಂದಳು. ಕರಿಘಟ್ಟದ ಬುಡದ ಊರಿನವಳು, ಗಂಡನಿಲ್ಲ, ಲೋಕಪಾವನಿಯ ದಂಡೆಯಲ್ಲಿ ಒಂದು ತುಂಡು ಗದ್ದೆ. ಪಾಂಡವಪುರದ ಮಗಳ ಮನೆಗೆ ಬಂದಿದ್ದಾಗ ನಿಂಗರಾಜುವಿನ ಬಳಿ ಪಹಣಿ ತೆಗೆಸಿದ್ದಳು. ಬಂದವಳೇ ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

“ಯಾವನ್ಲಾ ನನ್ ಸರ್ವೆ ನಂಬರ್ ಕೊಟ್ಟೋನು?” ಅಂದಳು. “ಯಾವನೋ ಲೇಔಟಿನೋನಂತೆ, ದಿನಾ ಫೋನ್ ಮಾಡ್ತಾನೆ. ನಂಬರ್ ಏಳ್ತಾನೆ, ಎಷ್ಟ್ ಕುಂಟೆ ಅಂತ ಏಳ್ತಾನೆ, ಜಂಟಿಲಿ ಯಾರ್ಯಾರ್ ಅವ್ರೆ ಅಂತಾನೂ ಏಳ್ತಾನೆ. ಮಾರ್ತೀಯಾ ಅವ್ವ ಅಂದ. ನಿಮ್ಮವ್ವುನ್ನ ಮಾರ್ಕೊ ಓಗ್ಲಾ ಅಂದೆ. ನಾನ್ ಪಹಣಿ ತಗ್ಸಿದ್ದು ನಿನ್ ತಾವ್ಲೇ ಕಣ್ಲಾ ನಿಂಗ, ಇನ್ಯಾರ್ ತಾವೂ ಅಲ್ಲ.”

ನಿಂಗರಾಜುವಿನ ಮುಖ ಬೂದಿಯಾಯಿತು. ತಾನು ಅಳಿಸಿದ ಸಾಲು ಅವನಿಗೆ ನೆನಪಾಗಿತ್ತು. ನನ್ನೆದುರಿಗೇ ಭಾಮೈದನ ತೇಪೆ ತೆರೆದು ಮೊದಲ ಸಲ ಓದಿದ. ಮೇಲೆ ನೀರಿನದೆಲ್ಲ ಸರಿಯಾಗಿತ್ತು. ಆಮೇಲೆ ಮುಗಿದೇ ಹೋಯಿತು ಅನ್ನುವಷ್ಟು ಉದ್ದದ ಖಾಲಿ ಜಾಗ. ಅದರ ಕೆಳಗೆ ಕಳ್ಳನ ಹಾಗೆ ಮುದುರಿ ಕೂತ ಕೆಲವು ಸಾಲು. ಪಹಣಿ ಪುಟ ತೆರೆದರೆ ಅಲ್ಲಿ ಕಾಣುವ ಹೆಸರು, ಸರ್ವೆ ನಂಬರು, ಒತ್ತಿದ ಫೋನ್ ನಂಬರು ಎಲ್ಲವನ್ನೂ ಬಳಿದು ಯಾವುದೋ ವಿಳಾಸಕ್ಕೆ ಕಳಿಸು ಎಂದಿದ್ದವು. ಮೊದಲು ಬರೆದಾಗ ಇವು ಇರಲಿಲ್ಲ, ತಿದ್ದಿದಾಗ ತೂರಿಸಿದ್ದು. ಪಹಣಿ ಪುಟಕ್ಕೂ ಬಿಡಲೇ ಎಂದು ಬ್ರೌಸರು ಎಲ್ಲ ಅಂಗಡಿಯವರನ್ನೂ ಕೇಳಿತ್ತು. ಎಲ್ಲರೂ ಓಕೆ ಒತ್ತಿದ್ದರು. ನಿಂಗರಾಜುವೂ ಒತ್ತಿದ್ದ.

ಆ ತಿದ್ದಿದ್ದನ್ನು ಓದಿದ್ದೇನೆ ಎಂದು ಹೆಸರು ಹಾಕಿದವನು ಯಾರೆಂದು ನೋಡಿದರೆ ನಮ್ಮ ಸಂಘದ ಕೆಂಪಣ್ಣ. ಮಂಡಿ ಬೆಲೆಯ ತೇಪೆ ಬರೆದು ಹಾಕಿದ್ದ ಅವನು, ಅದಕ್ಕೆ ಬದಲಾಗಿ ಇದನ್ನು ಓದಬೇಕಿತ್ತು. ಕರೆದು ಕೇಳಿದರೆ, “ಓದ್ಲಿಲ್ಲ ಕಣಪ್ಪ. ನಿನ್ ಭಾಮೈದುಂದು ಅಲ್ವಾ. ಓದ್ಬುಟ್ರೆ ನಿಂಗೇ ಅವಮಾನ ಮಾಡ್ದಂಗೆ ಆಯ್ತಿರ್ಲಿಲ್ವಾ?” ಅಂದ. ಈ ಮನುಷ್ಯ ನನ್ನ ಪಕ್ಕದಲ್ಲೇ ಲಾಠಿಗೆ ಬೆನ್ನು ಕೊಟ್ಟವನು. ಪೊಲೀಸರಿಗೆ ಹೆದರದವನು ನೆಂಟಸ್ತಿಕೆಗೆ ಹೆದರಿ ಕಣ್ಣು ಮುಚ್ಚಿದ. ರಸ್ತೆ ತಡೆಗೆ ಕೂತಾಗಲೂ ಇದೇ ಹೊಲಸು ಕಂಡಿದ್ದೇನೆ. ನಮ್ಮ ನಡುವೆಯೇ ಟವೆಲ್ಲು ಹಾಸಿಕೊಂಡು ಕೂತವನೊಬ್ಬ ಲಾರಿ ಮಾಲೀಕರಿಗೆ ಫೋನು ಮಾಡಿ ಬಳಸು ದಾರಿ ಹೇಳುತ್ತಿರುತ್ತಾನೆ. ಅವನು ಯಾರು ಎಂದು ಎಲ್ಲರಿಗೂ ಗೊತ್ತು. ನಮ್ಮವನಲ್ಲವೇ ಎಂದು ಯಾರೂ ಬಾಯಿ ಬಿಡುವುದಿಲ್ಲ.

ಶಂಕರ್ ಬಂದ. ತಪ್ಪಾಯಿತು ಅನ್ನುತ್ತಾನೇನೋ ಎಂದು ನಾನು ಕಾದೆ. ಕುರ್ಚಿ ಎಳೆದುಕೊಂಡು ಕೂತ, ಟೀ ತರಿಸಿ ಭಾವ ಅಂದ. ಲೇಔಟಿನವನು ಅವನಿಗೊಂದು ಸೈಟು ಕೊಡುವ ಮಾತಾಗಿತ್ತು, ಅದನ್ನೂ ಮುಚ್ಚಿಡಲಿಲ್ಲ.

“ನಾನ್ ಕದ್ದಿಲ್ಲ ಭಾವ. ಅವ್ರೇ ಓಕೆ ಒತ್ತವ್ರೆ” ಅಂದ.

“ಯಾರ್ನ ಕೇಳ್ದೆ ನೀನು?”

“ಕೇಳ್ತಲ್ಲ ಡಬ್ಬಿ. ನೀನೂ ಒತ್ತಿದ್ದೀಯ. ಈಗ ಅದ್ನ ತಗ್ದಾಕು ನೋಡಾನ, ನಿನ್ ತೇಪೆ ತಾವ್ಕೆ ನಾಯೂ ಮೂಸಕ್ ಬರಲ್ಲ. ಅಕ್ಕುನ್ನೂ ಒಂದ್ ಮಾತು ಕೇಳ್ಕೊ.”

ಅಕ್ಕನನ್ನು ಕೇಳುವುದೇನು, ರಮ್ಯ ಆಗಲೇ ಹೇಳಿಯಾಗಿತ್ತು. ಮನೆಯೊಳಗೆ ಕರೆದು ಕಪಾಳಕ್ಕೆ ಹೊಡೆ, ಊರ ಮುಂದೆ ಹೆಸರು ಎತ್ತಬೇಡ, ಅವನಿಗೆ ಹೆಣ್ಣು ನೋಡುತ್ತಿದ್ದಾರೆ ಅಂತ. ಸುಮ್ಮನಿದ್ದರೆ ನಾಲ್ಕು ತಾಲ್ಲೂಕಿನಲ್ಲಿ ಯಾರು ಪಹಣಿ ತೆಗೆಸಿದರೂ ಅದು ದಲ್ಲಾಳಿಯ ಕೈಗೆ. ತೆಗೆದರೆ ತಾಣವೂ ಬಿದ್ದುಹೋಗುತ್ತದೆ, ಮನೆಯಲ್ಲೂ ಬೆಂಕಿ. ನಿಂಗರಾಜು ಆ ದಿನ ಅಂಗಡಿಗೆ ಬಂದವರನ್ನೆಲ್ಲ ಬೈದು ಕಳಿಸಿದ.

ಮರುದಿನ ಕೆಲಸಕ್ಕೆ ಕೂತ. ತಾಣದಿಂದ ಕಿತ್ತರೆ ಸಾಲದು, ಆಗಲೇ ಕಂಪ್ಯೂಟರುಗಳೊಳಗೆ ಹೋಗಿ ಕೂತದ್ದು ಹಾಗೇ ಇರುತ್ತದೆ. ಅದಕ್ಕೆ ಅದೇ ಹೆಸರಿನಲ್ಲಿ, ಹೊಸ ಸಂಖ್ಯೆ ಹಾಕಿ, ಒಳಗೆ ಏನೂ ಇಲ್ಲದ ಖಾಲಿ ತೇಪೆಯೊಂದನ್ನು ಬಿಟ್ಟ. ಅದು ತಾನೇ ಹರಿದು ಹೋಗಿ ಹಳೆಯದರ ಜಾಗದಲ್ಲಿ ಕೂತಿತು. ಆಮೇಲೆ ಆ ತೇಪೆಯ ಪುಟದಲ್ಲಿ ಬರೆದ: ಈ ಕಳ್ಳತನ ತೂರಿಸಿದವನು ಶಂಕರ್. ಓದದೆ ಹೆಸರು ಹಾಕಿದವನು ಕೆಂಪಣ್ಣ. ಎಚ್ಚರಿಸಿದವನ ಮಾತು ಅಳಿಸಿದವನು ನಿಂಗರಾಜು.

ನಾಲೆಗೆ ನೀರು ಬಿಡುವ ಹೊತ್ತು ಅದು. ಫೋನು ಶುರುವಾದವು. ಕಟ್ಟೆ ನೀರು ಕಾಣುತ್ತಿಲ್ಲ, ಯಾಕೆ ಕಿತ್ತೆ, ಯಾರನ್ನು ಕೇಳಿ ಕಿತ್ತೆ. ನಾಗಮಂಗಲದವನು ಬೈದ, ಬೂಕನಕೆರೆಯವನು ಬೈದ. ನಿಂಗರಾಜು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ. ನನ್ನ ಪಹಣಿ ಯಾರ ಕೈ ಸೇರಿತು ಎಂದು ತಿರುಗಿ ಕೇಳಿದವರು ಮಾರಮ್ಮನನ್ನು ಬಿಟ್ಟರೆ ಒಬ್ಬರಿಲ್ಲ. ಒಬ್ಬ ಮಹಾನುಭಾವ, ನಮ್ಮ ಸಂಘದವನೇ, “ಪಹಣಿ ತಾನೆ, ಓಗದಾದ್ರೆ ಓಗ್ಲಿ ಬುಡಣ್ಣ, ನೀರಿಂದು ವಾಪಸ್ ಆಕು” ಅಂದ. ಈ ಜನಕ್ಕಾಗಿಯೇ ನಾವು ಜೈಲಿಗೆ ಹೋಗಿದ್ದು. ಹೊರಗೆ ಹೋಗಿ ಉಗಿದು ಬಂದೆ.

ರಮ್ಯ ಗಂಡನ ಜೊತೆ ಮಾತು ಬಿಟ್ಟಳು. ಅನ್ನ ಬಡಿಸುತ್ತಾಳೆ, ಪಾತ್ರೆ ಸದ್ದು ಮಾಡುತ್ತಾಳೆ, ಅಷ್ಟೆ. ಶಂಕರನಿಗೆ ಸೈಟು ಸಿಕ್ಕಿತು, ಹೆಣ್ಣೂ ಸಿಕ್ಕಿತು. ಅವನ ಹೆಸರು ಊರ ಮುಂದೆ ಬಂದದ್ದರಿಂದ ಅವನಿಗೆ ಆದ ನಷ್ಟ ಏನೂ ಇಲ್ಲ. ಲೇಔಟಿನ ಕಮಾನಿನ ಮೇಲೆ ಫೋಟೋ ಕೂಡ ಇದೆ.

ನಿಂಗರಾಜು ಒಂದು ಭಾನುವಾರ ನನ್ನನ್ನು ಕರೆದುಕೊಂಡು ಹೊಣಕೆರೆಗೆ ಹೋದ. ಚಿಕ್ಕಸ್ವಾಮಿ ತನ್ನ ಹೊಲದಲ್ಲಿದ್ದ. ಇವನು ಬದುವಿನ ಈಚೆ ನಿಂತ, ದಾಟಲಿಲ್ಲ. ಕ್ಷಮಿಸು ಅನ್ನಲೂ ಇಲ್ಲ.

“ತೇಪೆ ಓದ್ತೀಯೇನ್ಲಾ?” ಅಂದ.

ಚಿಕ್ಕಸ್ವಾಮಿ ಗುದ್ದಲಿ ಊರಿ ನಿಂತ. “ನಿಂಗೆ ಸಾಯ ಮಾಡಕ್ಕಾ? ನನ್ ಎಣ ಬಿದ್ದೋದ್ರೂ ಇಲ್ಲ.”

“ಸಾಯ ಯಾವನ್ ಕೇಳ್ದ ನಿನ್ನ. ನನ್ ತಪ್ಪು ಉಡ್ಕು, ಅಷ್ಟೆ.”

“ಅಂಗಾದ್ರೆ ಓದ್ತೀನಿ” ಅಂದ ಚಿಕ್ಕಸ್ವಾಮಿ. “ಮರದ ಕೇಸ್ ಮಾತ್ರ ವಾಪಸ್ ತಗಳಲ್ಲ.”

“ತಗಬ್ಯಾಡ.”

ವಾಪಸು ಬರುವಾಗ ನಿಂಗರಾಜು ಬೈಕಿನ ಮೇಲೆಯೇ ಹೊಸ ಕಾನೂನು ಹೇಳಿದ. ಮುಯ್ಯಿ ರದ್ದು. ಇನ್ನು ಮೇಲೆ ತೇಪೆ ಹಾಕುವವನದನ್ನು ಅವನಿಗೆ ಆಗದವನೇ ಓದಬೇಕು. ನೆಂಟ ಓದಿದರೆ ಲೆಕ್ಕಕ್ಕಿಲ್ಲ. ಪ್ರತಿ ವರ್ಷ ಹಗ್ಗ ಹಿಡಿದು ನಮ್ಮ ಬದು ಅಳೆಯುವವನು ದಾಯಾದಿ, ಗೇಣು ಆಚೆ ಹೋದರೂ ಬಿಡುವವನಲ್ಲ, ಓದಲಿ. ತೇಪೆ ಹಾಕುವ ಪುಟದಲ್ಲಿ ಈಗೊಂದು ಪ್ರಶ್ನೆಯಿದೆ: ನಿಮಗೆ ಆಗದವರು ಯಾರು? ಮೊದಲು ಎಲ್ಲರೂ ನಕ್ಕರು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಆ ಜಾಗ ಖಾಲಿ ಬಿಟ್ಟವನು ಇನ್ನೂ ಸಿಕ್ಕಿಲ್ಲ. ಕೆಲವರು ಹೆಸರುಗಳಿಗೆ ಜಾಗ ಸಾಲದೆ ಇನ್ನೊಂದು ಸಾಲು ಕೇಳಿದ್ದಾರೆ.

ಹೊಸ ಕಾನೂನಿಗೆ ಮೊದಲು ಸಿಕ್ಕಿದ್ದು ನಿಂಗರಾಜುವೇ. ‘ಕಟ್ಟೆ ನೀರು’ ತೇಪೆಯನ್ನು ಬುಡದಿಂದ ತಾನೇ ಬರೆದು ಓದಿಗೆ ಇಟ್ಟ. ಜನ ಫೋನಿನ ಮೇಲೆ ಫೋನು ಮಾಡುತ್ತಿದ್ದರೂ ಹೊರಗೆ ಬಿಡಲಿಲ್ಲ. ಚಿಕ್ಕಸ್ವಾಮಿ ತಿರಸ್ಕರಿಸಿದ. ಮಟ್ಟ ತೋರಿಸುವ ಪುಟ ಯಾವತ್ತಾದರೂ ತೆರೆಯದಿದ್ದರೆ ಈ ತೇಪೆ ನಿನ್ನೆಯ ಮಟ್ಟವನ್ನೇ ಇವತ್ತಿನದು ಎಂದು ತೋರಿಸುತ್ತಿತ್ತು. ಅದನ್ನು ನಂಬಿ ಭತ್ತದ ಸಸಿಗೆ ಒಟ್ಟಲು ಹಾಕಿದವನು ಹಾಳಾಗಿ ಹೋಗುತ್ತಿದ್ದ. ನಿಂಗರಾಜು ಅದನ್ನು ಓದಿ, ದೊಡ್ಡಪ್ಪನ ವಂಶವನ್ನೆಲ್ಲ ಹೆಸರು ಹಿಡಿದು ಬೈದು, ತಿದ್ದಲು ಕೂತ. ಮಾರಮ್ಮ ಬೆಂಚಿನ ಮೇಲಿದ್ದಳು, ಅವಳಿಗೆ ಲೇಔಟಿನವರ ಫೋನು ಈಗಲೂ ಬರುತ್ತದೆ. ಹೋದ ನಂಬರು ಹೋಯಿತು, ಅದಕ್ಕೆ ಹಾಕುವ ತೇಪೆ ಇಲ್ಲ.

ತಿದ್ದಿದ್ದನ್ನು ಮತ್ತೆ ಕಳಿಸಿದ. ಸಂಜೆಯ ಹೊತ್ತಿಗೆ ಕೆ.ಆರ್. ಪೇಟೆಯಿಂದ ಉತ್ತರ ಬಂತು. ಅದು ಈಗಲೂ ‘ಕಟ್ಟೆ ನೀರು’ ಪುಟದ ಕೆಳಗೆ, ಯಾರು ಬೇಕಾದರೂ ನೋಡುವ ಹಾಗೆ ಇದೆ. ನಿಂಗರಾಜು ಅದನ್ನು ಅಳಿಸಿಲ್ಲ.

“ಓದಿದ್ದೇನೆ. ಸದ್ಯಕ್ಕೆ ತಪ್ಪು ಕಾಣಲಿಲ್ಲ. ಮರ ನಮ್ಮದೇ. — ಚಿಕ್ಕಸ್ವಾಮಿ.”